ಟವೆಲಿನಡಿಯ ವೋಟು

ರಾಯದುರ್ಗದ ಜೀನ್ಸ್ ಹೊಲಿಯುವವರ ಸಂಘಕ್ಕೆ ಸೂಪರ್ ಕಂಪ್ಯೂಟರ್ ಬಂದಿದೆ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಸಂಘದ ಅಧ್ಯಕ್ಷರಾದ ಸಿದ್ದಬಸಪ್ಪನವರೇ ನಂಬಿರಲಿಲ್ಲ. ಸಂಘದ ಮಾಳಿಗೆಯ ಮೇಲೆ, ಹಿಂದೆ ಬಟ್ಟೆಯ ಸುರುಳಿ ಪೇರಿಸುತ್ತಿದ್ದ ಕಬ್ಬಿಣದ ರ‍್ಯಾಕಿನಲ್ಲಿ, ಯಾವ್ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ಹಳೇ ಕಂಪ್ಯೂಟರುಗಳ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದರ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ನೀಲಿ ವೈರು. ಬಿಸಿಯಾಗದಿರಲೆಂದು ಎದುರಿಗೆ ಟೇಬಲ್ ಫ್ಯಾನು.

"ಏನಮ್ಮಾ ಉಷಾ, ಇದು ಸೂಪರ್ರೋ, ಗುಜರಿಯೋ?" ಎಂದು ಅವರು ಮೊದಲ ದಿನವೇ ಕೇಳಿದ್ದರು.

"ಗುಜರಿನೇ ಮಾವ," ಎಂದಿದ್ದಳು ಸೊಸೆ ಉಷಾರಾಣಿ, ಕೈಯ ಧೂಳು ಕೊಡವುತ್ತ. "ಎಲ್ಲಾ ಸೇರ್ಕಂಡು ಒಂದೇ ಕೆಲ್ಸ ಮಾಡಿದ್ರೆ ಸೂಪರ್ರು. ದೊಡ್ಡ ದೊಡ್ಡವನ್ನೂ ಹಿಂಗೇ ಕಟ್ಟಿರ್ತಾರೆ. ನಮ್ದು ಮರಿ, ಅಷ್ಟೇಯ."

ಕೆಲಸವೇನೂ ಸಣ್ಣದಲ್ಲ. ಒಂದು ಜೀನ್ಸ್ ಪ್ಯಾಂಟಿಗೆ ಕಾಲು, ಸೊಂಟ, ಜೇಬು, ಪಟ್ಟಿ ಎಂದು ಎಷ್ಟೊಂದು ತುಂಡು. ಹತ್ತಾರು ಅಳತೆಯ ಪ್ಯಾಂಟುಗಳ ತುಂಡುಗಳನ್ನೆಲ್ಲ ಒಂದೇ ಬಟ್ಟೆಯ ಮೇಲೆ ಹೇಗೆ ಜೋಡಿಸಿದರೆ ಚಿಂದಿ ಕಡಿಮೆ ಬೀಳುತ್ತದೆ ಎನ್ನುವುದೇ ಪ್ರಶ್ನೆ. ಕಟಿಂಗ್ ಮಾಸ್ಟರ್ ಹನುಮೇಶ್ ಅದನ್ನು ಕಣ್ಣಳತೆಯಲ್ಲಿ, ಸೀಮೆಸುಣ್ಣದ ತುಂಡಿನಲ್ಲಿ ಮಾಡುತ್ತಿದ್ದ. ಅವನು ಹತ್ತು ಬಗೆಯಲ್ಲಿ ಜೋಡಿಸಿ ನೋಡುವ ಹೊತ್ತಿಗೆ ಈ ಡಬ್ಬಿಗಳು ಲಕ್ಷ ಬಗೆಯಲ್ಲಿ ಜೋಡಿಸಿ ನೋಡುತ್ತವೆ. ಆದರೆ ಡಬ್ಬಿಗಳಿಗೆ ತಾವಾಗಿ ಬುದ್ಧಿ ಇಲ್ಲ. ನೀನು ಇದು ಮಾಡು, ನೀನು ಅದು ಮಾಡು ಎಂದು ಹೇಳಲು ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಗೇ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಯಾವ ಮೇಸ್ತ್ರಿಯನ್ನು ತರಬೇಕು? ಈ ಸಂಘದಲ್ಲಿ ಸೂಜಿಗಿಂತ ದೊಡ್ಡದು ಏನು ತರಬೇಕಾದರೂ ಕಮಿಟಿ ಕೂರಬೇಕು. ಹಾಗಾಗಿ ಕಮಿಟಿ ಕೂತಿತು.

ಸಿದ್ದಬಸಪ್ಪನವರ ವಿಷಯ ಸ್ವಲ್ಪ ಹೇಳಬೇಕು. ಈಗ ಅವರದು ನೂಲು, ಗುಂಡಿ, ಜಿಪ್ಪಿನ ಅಂಗಡಿ. ಅದಕ್ಕೂ ಮೊದಲು ಅವರು ದನದ ಸಂತೆಯ ದಲ್ಲಾಳಿ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹಾಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಹೇಳಬೇಕು. ಎಷ್ಟು ಬೆರಳು ಹಿಡಿದರು ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಮುಖದಲ್ಲಿ ಏನೂ ಕಾಣಿಸಬಾರದು, ಕಾಣಿಸಿದರೆ ವ್ಯಾಪಾರ ಕೆಟ್ಟಂತೆ. ಸಿದ್ದಬಸಪ್ಪನವರ ಮುಖವೋ, ಸುತ್ತಲಿನ ಸಂತೆಗಳಲ್ಲೆಲ್ಲ ಹೆಸರು ಮಾಡಿದ ಮುಖ. ನಾಲ್ಕು ವರ್ಷದ ಹಿಂದೆ ಒಬ್ಬನೇ ಮಗ ಸಿದ್ದರಾಮೇಶ್ ಬೈಕಿನಲ್ಲಿ ಹೋದವನು ಹೆಣವಾಗಿ ಬಂದಾಗಲೂ ಆ ಮುಖ ಹಾಗೇ ಇತ್ತು. ಊರವರು ಕಲ್ಲೆದೆ ಎಂದರು. ಅವರ ಹೆಂಡತಿ ಗುರುಶಾಂತಮ್ಮ ಏನೂ ಅನ್ನಲಿಲ್ಲ. ಗಂಡನ ಟವೆಲು ದಿನಾ ಒದ್ದೆಯಾಗಿರುವುದು ಅದನ್ನು ಒಗೆಯುವ ಆಕೆಗಲ್ಲದೆ ಇನ್ನಾರಿಗೆ ಗೊತ್ತು?

ಉಷಾರಾಣಿಯ ತವರು ಮಡಕಶಿರಾ. ಗಂಡ ಹೋದ ಮೇಲೆ ಅಣ್ಣ ಬಂದು ಕರೆದ. ಹೋಗಲಿಲ್ಲ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ಮಾವನ ಬಿಪಿ ಮಾತ್ರೆ ನೆನಪಿಸುತ್ತ, ಹಗಲೆಲ್ಲ ಸಂಘದ ಲೆಕ್ಕ, ಕಂಪ್ಯೂಟರು ನೋಡಿಕೊಳ್ಳುತ್ತ ಇಲ್ಲೇ ಉಳಿದಳು. ಈಗ ಅದೇ ಅಣ್ಣ ಇನ್ನೊಂದು ಮಾತು ಹೊತ್ತು ತಂದಿದ್ದ. ಮಡಕಶಿರಾದ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ರುದ್ರಮುನಿ ಎಂಬ ಹುಡುಗ, ನಮ್ಮವರೇ, ಉಷಾಳನ್ನು ಮದುವೆಯಾಗಲು ಒಪ್ಪಿದ್ದಾನೆ. ನಿಮ್ಮ ಮಾತೇನು?

ಸಿದ್ದಬಸಪ್ಪನವರ ಮುಖ ಅಲುಗಲಿಲ್ಲ. "ಆಕಿ ಏನಂತಾಳೋ ಹಂಗ," ಎಂದು ಕಾಫಿ ಲೋಟ ಕೆಳಗಿಟ್ಟರು. ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ದನಗಳ ಮೈ ಮುಟ್ಟಿ ರೋಗ ಹೇಳುವವನು ಒಳ್ಳೆಯವನೇ ಇರಬೇಕು ಎಂದು ಒಂದು ಮನಸ್ಸು. ಇವಳು ಹೋದರೆ ಮನೆಯಲ್ಲಿ "ಮಾವ, ಮಾತ್ರೆ" ಅನ್ನುವವರು ಯಾರು ಎಂದು ಇನ್ನೊಂದು. ಎರಡನೇ ಮನಸ್ಸನ್ನು ಅವರು ಬೈದು ಬೈದು ಮೂಲೆಗೆ ಕೂರಿಸುತ್ತಿದ್ದರು. ಅದು ಎದ್ದು ಎದ್ದು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಈ ಮೇಸ್ತ್ರಿಯ ಕಮಿಟಿ.

ಬಳ್ಳಾರಿಯಿಂದ ಒಬ್ಬ ಡೀಲರ್ ಬಂದಿದ್ದ. ಬರುವಾಗ ಎಲ್ಲರಿಗೂ ಮೈಸೂರುಪಾಕು ತಂದಿದ್ದ, ಅರ್ಧ ಕೆಲಸ ಅಲ್ಲೇ ಆಗಿತ್ತು. ಅವನ ಸಿಸ್ಟಂ ದುಡ್ಡಿನದು, ಪರದೆ ಮೇಲೆ ಬಣ್ಣಬಣ್ಣದ ಗುಂಡಿ. ಅದರ ಜೊತೆ ಅವನ ಕಡೆಯ ಹುಡುಗನೂ ಬರುತ್ತಾನೆ. "ಬೇರೆಯೋರು ಕೈ ಹಚ್ಚಂಗಿಲ್ರಿ. ಹಚ್ಚಿದ್ರ ಗ್ಯಾರಂಟಿ ಹೋಗ್ತೈತಿ," ಎಂದು ನಗುತ್ತಲೇ ಹೇಳಿದ. ಹಾಗೆಂದರೆ ಉಷಾರಾಣಿಗೆ ಅಲ್ಲಿ ಕೆಲಸವಿಲ್ಲ ಎಂದರ್ಥ. ನಗುವಿನಲ್ಲಿ ಸುತ್ತಿ ಕೊಟ್ಟಿದ್ದರಿಂದ ಯಾರಿಗೂ ಚುಚ್ಚಲಿಲ್ಲ.

ಉಷಾರಾಣಿ ಎದ್ದು ನಿಂತು ತನ್ನದನ್ನು ಹೇಳಿದಳು. ಅದರ ಹೆಸರು ಲಿನಕ್ಸ್. ಪುಕ್ಕಟೆ ಸಿಗುತ್ತದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಗುರುತಿಗೆಂದು ಕಾಗದದ ಮೇಲೆ ಅದರ ಚಿತ್ರವನ್ನೂ ತಂದಿದ್ದಳು, ಹೊಟ್ಟೆ ಬಿಟ್ಟುಕೊಂಡು ಕೂತ ಒಂದು ಪೆಂಗ್ವಿನ್ ಹಕ್ಕಿ.

"ಇದೇನವ್ವಾ, ಕರಿ ಕೋಟು ಹಾಕ್ಕಂಡ ವಕೀಲನಂಗ ಐತಿ," ಎಂದಳು ನಾಗಕ್ಕ. ಆಕೆಯ ಶೆಡ್ಡಿನಲ್ಲಿ ಹೊಲಿಯುವವರೆಲ್ಲ ಹೆಣ್ಣುಮಕ್ಕಳೇ. ಆಕೆ ಬಾಯಿ ತೆರೆದರೆ ಮಿಷನ್ ಸದ್ದು ಅಡಗುತ್ತದೆ ಎಂದು ಊರಿನಲ್ಲಿ ಮಾತಿದೆ.

"ಹಾರ್ತೈತೇನ್ರಿ ಇದು?" ಎಂದ ಕದರಪ್ಪ. ಜೀನ್ಸ್ ತೊಳೆದು ಬಣ್ಣ ಇಳಿಸುವುದು ಅವನ ಕಸುಬು.

"ಹಾರಲ್ಲ."

"ಹಾರಂಗಿಲ್ಲ ಅಂದಮ್ಯಾಲ ಎಂಥಾ ಹಕ್ಕಿ?"

ಹನುಮೇಶನಿಗೆ ಹಕ್ಕಿಯ ಚಿಂತೆ ಇರಲಿಲ್ಲ. ಈ ಡಬ್ಬಿಗಳು ಬಂದಾಗಿನಿಂದಲೂ ಅವನಿಗೆ ಒಳಗೊಳಗೇ ಉರಿ. "ಪುಕ್ಕಟೆ ಯಾಕ ಕೊಡ್ತಾರ? ಮಾಲೀಕ ಯಾರು ಅದಕ್ಕ?"

"ಮಾಲೀಕ ಅಂತ ಯಾರೂ ಇಲ್ಲಣ್ಣ. ಎಲ್ರೂ ಸೇರಿ ಕಟ್ಟಿರೋದು."

"ಮಾಲೀಕನೇ ಇಲ್ಲಂದ್ರ ಕೆಟ್ರ ಯಾರ ಕೊಳ್ಳಪಟ್ಟಿ ಹಿಡೀಬೇಕಮ್ಮಾ ನಾವು?"

ಇದು ನ್ಯಾಯವಾದ ಪ್ರಶ್ನೆ ಎಂದು ಎಲ್ಲರಿಗೂ ಅನ್ನಿಸಿತು. ನಿದ್ದೆ ಮಾಡುತ್ತಿದ್ದ ಚಿಕ್ಕತಿಮ್ಮಯ್ಯ ಕೂಡ ಕಣ್ಣು ಬಿಟ್ಟು ತಲೆಯಾಡಿಸಿದರು. ಅವರು ಸಂಘದ ಅತಿ ಹಿರಿಯ ದರ್ಜಿ, ನಿಕ್ಕರು ಹೊಲಿಯುತ್ತಿದ್ದ ಕಾಲದವರು.

ಉಷಾರಾಣಿ ಬಿಡಲಿಲ್ಲ. "ಲೋಕದಾಗೆ ಅತೀ ದೊಡ್ಡ ಸೂಪರ್ ಕಂಪ್ಯೂಟರು ಐನೂರು ಅಂತ ಲೆಕ್ಕ ಹಾಕ್ತಾರೆ. ಮಳೆ ಲೆಕ್ಕ ಹಾಕೋವು, ರಾಕೆಟ್ಟಿನ ಲೆಕ್ಕ ಹಾಕೋವು. ಆ ಐನೂರರಾಗೆ ಐನೂರೂ ಇದ್ರ ಮೇಲೇ ಓಡ್ತಾವೆ. ಒಂದೂ ತಪ್ಪಿಲ್ಲ."

"ಐನೂರಕ್ಕ ಐನೂರಂದ್ರ ಆರಿಸಾಕ ಏನೈತಿ? ನಮ್ಮನ್ನ ಯಾಕ ಕೂಡಿಸೀರಿ ಹಂಗಾದ್ರ?" ಎಂದು ಕದರಪ್ಪ ಸಿಟ್ಟಾದ. ಕೆಲಸ ಬಿಟ್ಟು ಬಂದವನಿಗೆ ಜಗಳವಾಡಲು ಏನಾದರೂ ಇರಬೇಡವೇ?

ಆಗ ಹನುಮೇಶ್ ಕೊನೆಯ ಬಾಣ ಬಿಟ್ಟ. ಅವನು ಕೆಟ್ಟವನೇನಲ್ಲ, ಬಾಯಿ ಸ್ವಲ್ಪ ಮುಂದು. "ಇದನ್ನ ನಡೆಸಾಕ ಬರೋದು ಈಯಮ್ಮಗ ಒಬ್ಬಾಕಿಗೆ. ಮಡಕಶಿರಾದಿಂದ ಸಂಬಂಧ ಬಂದೈತಿ ಅಂತ ಊರೆಲ್ಲ ಗೊತ್ತೈತ್ರಿ. ನಾಳೆ ಆಕಿ ಹೋದ್ರ ಈ ಡಬ್ಬಿಗುಳಿಗೆ ದೀಪ ಹಚ್ಚೋರ್ಯಾರು? ಆಕಿ ಇಲ್ಲೇ ಇರ್ತಾಳ ಅಂತ ನೀವು ಗ್ಯಾರಂಟಿ ಕೊಡ್ತೀರೇನ್ರಿ, ಯಜಮಾನ್ರ?"

ಉಷಾರಾಣಿ ತಲೆ ತಗ್ಗಿಸಿದಳು. ಸಿದ್ದಬಸಪ್ಪನವರ ಮುಖ ಮಾತ್ರ ಸಂತೆಯ ಮುಖವೇ. "ಆಕಿ ಕೆಳಗ ಹೋಗಿ ಚಾ ಹೇಳಿ ಬರ್ಲಿ," ಎಂದರು. "ಡೀಲರಪ್ಪಾ, ನೀನೂ ಕೆಳಗ ಇಳಿ. ವೋಟು ಹಾಕಾಮು."

ಕೈ ಎತ್ತಿ ವೋಟು ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಉಷಾಳ ವಿರುದ್ಧ ಎತ್ತಿದರೆ ಅಧ್ಯಕ್ಷರ ಸೊಸೆ, ಡೀಲರನ ವಿರುದ್ಧ ಎತ್ತಿದರೆ ಹೊಟ್ಟೆಯಲ್ಲಿ ಅವನ ಮೈಸೂರುಪಾಕು. ಸಿದ್ದಬಸಪ್ಪನವರಿಗೆ ಇದು ಗೊತ್ತಿತ್ತು. ಹೆಗಲಿನ ಟವೆಲು ತೆಗೆದು ಕೈ ಮೇಲೆ ಹಾಸಿದರು. "ಹಕ್ಕಿಗಾದ್ರ ಒಂದು ಬೆರಳು ಹಿಡೀರಿ. ಡೀಲರಂದಕ್ಕಾದ್ರ ಎರಡು. ಯಾರು ಎಷ್ಟು ಹಿಡಿದ್ರಿ ಅಂತ ನಾನು ಸತ್ರೂ ಹೇಳಂಗಿಲ್ಲ."

ಒಬ್ಬೊಬ್ಬರೇ ಬಂದು ಕೈ ಇಟ್ಟರು. ಹನುಮೇಶನ ಕೈ ಕತ್ತರಿ ಹಿಡಿದು ಒರಟಾದದ್ದು, ಎರಡು ಬೆರಳನ್ನು ಗಟ್ಟಿಯಾಗಿ ಹಿಡಿಯಿತು. ನಾಗಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಒಂದು ಹಿಡಿದಳು, ಹಿಡಿದು ಒಮ್ಮೆ ಅದುಮಿದಳು. ಕದರಪ್ಪ ಎರಡು. ಚಿಕ್ಕತಿಮ್ಮಯ್ಯ ಬಹಳ ಹೊತ್ತು ಹುಡುಕಾಡಿ ಒಂದು ಹಿಡಿದರು, ಹಿಡಿದುಕೊಂಡೇ ಮತ್ತೆ ತೂಕಡಿಸಿದರು. ಕೈ ಬಿಡಿಸಿಕೊಳ್ಳಬೇಕಾಯಿತು.

ಎರಡಕ್ಕೆ ಎರಡು. ಇನ್ನು ಅಧ್ಯಕ್ಷರದೇ ವೋಟು.

ಹಕ್ಕಿಗೆ ವೋಟು ಹಾಕಿದರೆ ಉಷಾಳ ಕಾಲಿಗೆ ಹಗ್ಗ ಕಟ್ಟಿದ ಹಾಗೆ. ನಿನ್ನನ್ನು ಬಿಟ್ಟರೆ ಇದನ್ನು ನಡೆಸುವವರಿಲ್ಲ, ಇಲ್ಲೇ ಇರು ಎಂದಂತೆ. ಪಾಪದ ಹುಡುಗಿ, ಆ ಮಾತಿಗೆ ಕಟ್ಟುಬಿದ್ದು ರುದ್ರಮುನಿಗೆ ಬೇಡ ಎಂದುಬಿಡುತ್ತಾಳೆ. ಡೀಲರನಿಗೆ ಹಾಕಿದರೆ ಅವಳು ಹಗುರಾಗಿ ಹೋಗುತ್ತಾಳೆ. ಆದರೆ ಧೂಳು ತಿಂದು ಅವಳು ಕಟ್ಟಿದ್ದನ್ನು ಮಾವನೇ ಕಿತ್ತು ಇನ್ನೊಬ್ಬನ ಕೈಗೆ ಕೊಟ್ಟ ಹಾಗಾಗುತ್ತದೆ. ಯಾವ ಬೆರಳು ಹಿಡಿದರೂ ಸುಡುತ್ತದಲ್ಲ ಶಿವನೇ ಎಂದುಕೊಂಡರು. "ನಂದು ನಾಳೆ ಬೆಳಿಗ್ಗೆ ಹೇಳ್ತೀನ್ರಿ," ಎಂದು ಎದ್ದರು.

ಸಂಜೆ ಗುರುಶಾಂತಮ್ಮ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಗಂಡ ಕೂಡ ಪಕ್ಕದಲ್ಲಿ ಕೂತು ಸುಲಿಯತೊಡಗಿದರು. ಸಿಪ್ಪೆಯನ್ನು ಬುಟ್ಟಿಗೆ, ಕಾಳನ್ನು ನೆಲಕ್ಕೆ ಹಾಕುತ್ತಿದ್ದರು.

"ಏನಾಗೈತ್ರಿ ನಿಮಗ?"

ಅವರು ಎಲ್ಲ ಹೇಳಿದರು. ಆಕೆ ನೆಲದ ಮೇಲಿನ ಕಾಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತ ಕೇಳಿಸಿಕೊಂಡಳು.

"ಆಕಿನ್ನ ಕೇಳೀರೇನು?"

"ಯಾವ ಬಾಯಿಲೆ ಕೇಳ್ಲಿ? ಹೋಗ್ತೀ ಏನಮ್ಮಾ ಅಂದ್ರ, ಈ ಮುದುಕ ಕಳಿಸಾಕ ನಿಂತಾನ ಅನ್ಕಂತಾಳ. ಇರ್ತೀ ಏನಮ್ಮಾ ಅಂದ್ರ, ಇಲ್ಲ ಅನ್ನಾಕ ಆಕಿಗೆ ಬಾಯಿ ಬರಂಗಿಲ್ಲ."

"ಬಾಯಿಲೆ ಕೇಳಂತ ನಾನೆಲ್ಲಿ ಅಂದೆ?" ಗುರುಶಾಂತಮ್ಮ ಗಂಡನ ಹೆಗಲ ಕಡೆ ಗಲ್ಲ ಎತ್ತಿ ತೋರಿಸಿದಳು. "ಊರ ಎತ್ತಿಗೆಲ್ಲ ಅದರಾಗೇ ಬೆಲೆ ಕೇಳೀರಿ. ಸೊಸಿನ್ನ ಒಂದ್ಸಲ ಕೇಳಿದ್ರ ಏನಾಗ್ತೈತಿ?"

"ಸೊಸಿ ಕೈ ಹಿಡಿದು ವ್ಯಾಪಾರ ಮಾಡ್ಲೇನು? ಹುಚ್ಚು ಹಿಡದೈತೇನು ನಿಂಗ?"

"ಟವೆಲು ಇರ್ತೈತಲ್ರಿ ಮ್ಯಾಲ," ಎಂದಳು ಆಕೆ, ಶೇಂಗಾ ಬುಟ್ಟಿ ಎತ್ತಿಕೊಂಡು ಒಳಗೆ ನಡೆಯುತ್ತ.

ಮರುದಿನ ಬೆಳಿಗ್ಗೆ ಸಿದ್ದಬಸಪ್ಪ ಎಲ್ಲರಿಗಿಂತ ಮೊದಲು ಸಂಘಕ್ಕೆ ಬಂದರು. ಉಷಾರಾಣಿ ಅವರಿಗಿಂತಲೂ ಮೊದಲೇ ಬಂದಿದ್ದಳು. ಹಳೇ ಬನಿಯನ್ ತುಂಡಿನಲ್ಲಿ ಡಬ್ಬಿಗಳನ್ನು ಒರೆಸುತ್ತಿದ್ದಳು. ಮಾರಲು ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಎತ್ತಿನ ಮೈ ತೊಳೆಯುವವರ ಮುಖದಲ್ಲಿ ಇಂಥದೇ ಸಂಕಟವನ್ನು ಅವರು ಎಷ್ಟೋ ಸಲ ಕಂಡಿದ್ದರು. ನೋಡಲಾಗಲಿಲ್ಲ.

"ಉಷಾ, ಬಾಮ್ಮಾ. ಇಲ್ಲಿ ಕುಂದ್ರು."

ಬೆಂಚಿನ ಮೇಲೆ, ಮಾವನ ಪಕ್ಕದಲ್ಲಿ? ಮದುವೆಯಾಗಿ ಬಂದಾಗಿನಿಂದ ಅವಳು ಅವರ ಎದುರಿಗೆ ಕುರ್ಚಿಯಲ್ಲೂ ಕೂತವಳಲ್ಲ. ಅವರು ಮತ್ತೊಮ್ಮೆ ಹೇಳಿದ ಮೇಲೆ ಬೆಂಚಿನ ತುದಿಗೆ ಕೂತಳು.

"ನಿನ್ನೆ ಎಲ್ರ ವೋಟು ತಗಂಡೆ. ನಿಂದು ತಗಳ್ಳಿಲ್ಲ."

"ನಾನು ಕಮಿಟಿಯಾಗಿಲ್ವಲ್ಲ ಮಾವ."

"ಇದು ಬ್ಯಾರೆ ಕಮಿಟಿ." ಟವೆಲನ್ನು ತಮ್ಮ ಬಲಗೈ ಮೇಲೆ ಹಾಸಿದರು. ಗುರುಶಾಂತಮ್ಮ ಅಂದು ಬೇಕೆಂದೇ ಹೊಸ ಟವೆಲು ಕೊಟ್ಟಿದ್ದಳು. "ಇಲ್ಲೇ ನಮ್ಮ ಜತಿ ಇರ್ತೀನಿ ಅಂದ್ರ ಒಂದು ಬೆರಳು ಹಿಡಿ. ಮಡಕಶಿರಾಕ್ಕ ಹೋಗ್ತೀನಿ ಅಂದ್ರ ಎರಡು. ಯಾವ್ದು ಹಿಡಿದ್ರೂ ನಂಗ ಬ್ಯಾಸರಿಲ್ಲ. ಬಾಯಿಬಿಟ್ಟು ಹೇಳಾದು ಬ್ಯಾಡ. ಈ ದಲ್ಲಾಳಿ ಮುಖ ಮಾತ್ರ ನೋಡಬ್ಯಾಡ."

ಉಷಾರಾಣಿ ಟವೆಲನ್ನು ನೋಡಿದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ನುಂಗಿಕೊಂಡಳು. ಮೆಲ್ಲಗೆ ಕೈಯನ್ನು ಟವೆಲಿನ ಕೆಳಗೆ ತೂರಿಸಿದಳು. ಕೈ ತಣ್ಣಗಿತ್ತು. ಇಷ್ಟು ವರ್ಷದಲ್ಲಿ ಅವರು ಈ ಕೈಯಿಂದ ಎಷ್ಟು ಲೋಟ ಕಾಫಿ ಈಸಿಕೊಂಡಿದ್ದರು! ಹಿಡಿದದ್ದು ಇದೇ ಮೊದಲು.

ಅವಳು ಒಂದು ಬೆರಳು ಹಿಡಿದಳು. ಇನ್ನೊಂದು ಬೆರಳೂ ಅವಳ ಮುಷ್ಟಿಗೆ ಸೇರಿತು. ಮುಖ ಬಿಡಬಾರದು, ಬಿಡಬಾರದು ಎಂದು ಸಿದ್ದಬಸಪ್ಪ ಹಲ್ಲು ಕಚ್ಚಿ ಕೂತರು. ಆಗ ಮೂರನೇ ಬೆರಳನ್ನೂ ಹಿಡಿದಳು.

ಸಂತೆಯಲ್ಲಿ ಹೀಗಾಗುವುದುಂಟು. ದಲ್ಲಾಳಿ ಹೇಳಿದ ಎರಡು ಬೆಲೆಯನ್ನೂ ಬಿಟ್ಟು ಮೂರನೆಯದನ್ನು ಹಿಡಿದರೆ, ನಿನ್ನ ಮಾತು ಬೇಡ, ನನ್ನದು ಕೇಳು ಎಂದು ಅರ್ಥ.

"ಮೂರು ಅಂದ್ರ ಏನಮ್ಮಾ?" ಎಂದು ಕೇಳಿದರು. "ಮೂರು ನಾನು ಹೇಳೇ ಇಲ್ಲಲ್ಲ."

"ನೀವು ಹೇಳ್ಲಿಲ್ಲ, ಅದಕ್ಕೇ ನಾನು ಹೇಳ್ತಾ ಇದೀನಿ. ಮದ್ವೆ ಆಗ್ತೀನಿ ಮಾವ. ಅವರು ಒಳ್ಳೇವ್ರು. ಆದ್ರೆ ಇರೋದು ರಾಯದುರ್ಗದಾಗೇ. ಫೋನಿನಾಗೆ ಮಾತಾಡ್ದಾಗ ನಾನು ಮೊದ್ಲು ಕೇಳಿದ್ದೇ ಅದು. ಕಣೇಕಲ್ಲಿನ ದನದ ಆಸ್ಪತ್ರೆಗೆ ವರ್ಗ ಕೇಳಿದಾರೆ. ದಿನಾ ಬಸ್ಸಿಗೆ ಹೋಗಿ ಬರ್ತಾರಂತೆ. ವರ್ಗ ಆಗೋಗಂಟ ಕಾಯಣ ಅಂದ್ರು. ನಮ್ಮ ಬೀದಿ ಹಿಂದ್ಲ ಬೀದಿಯಾಗೆ ಮನೆ ನೋಡ್ಬೇಕು. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಕ್ಕೆ ನಾನು ಎಷ್ಟು ದೂರದಿಂದ ಬರ್ಲಿ?"

ಸಿದ್ದಬಸಪ್ಪ ಜಾರುತ್ತಿದ್ದ ಟವೆಲನ್ನು ಎಡಗೈಯಲ್ಲಿ ಸರಿಮಾಡಿದರು.

"ಇನ್ನೊಂದು," ಎಂದಳು ಉಷಾರಾಣಿ. ಈಗ ಅವಳ ದನಿಯಲ್ಲಿ ಹುಸಿಮುನಿಸಿತ್ತು. "ನನ್ನ ಕಟ್ಟಾಕ್ದಂಗೆ ಆಗುತ್ತೆ ಅಂತ ವೋಟು ತಡೀಬೇಡಿ. ರಾತ್ರಿ ಅತ್ತೆ ಎಲ್ಲಾ ಹೇಳಿದ್ರು. ನಾಗಕ್ಕನ ಶೆಡ್ಡಿನ ಜ್ಯೋತಿಗೆ, ಮೌನಿಕಾಗೆ ಆಗ್ಲೇ ಎಲ್ಲಾ ಕಲಿಸಿದೀನಿ. ನಾನಿಲ್ದಿದ್ರೂ ಅವರು ನಡೆಸ್ತಾರೆ. ಅದು ಯಾರನ್ನೂ ಕಟ್ಟಾಕಲ್ಲ ಮಾವ. ಕಟ್ಟಾಕೋದು ಡೀಲರಂದು."

ಇಷ್ಟು ದಿನ ತಾವೊಬ್ಬರೇ ಹಗ್ಗ ಹೊಸೆದು, ತಾವೇ ಅದಕ್ಕೆ ಹೆದರಿ ಕೂತಿದ್ದೆವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಸಂತೆಗಟ್ಟಲೆ ಜನರ ಮನಸ್ಸನ್ನು ಬೆರಳಿನಲ್ಲಿ ಓದಿದವರು ಮನೆಯಲ್ಲಿದ್ದ ಒಂದು ಜೀವವನ್ನು ಒಮ್ಮೆಯೂ ಕೇಳಿರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಕಮಿಟಿ ಬರುತ್ತಿತ್ತು. ಸಿದ್ದಬಸಪ್ಪ ಗಡಬಡಿಸಿ ಕೈ ಎಳೆದುಕೊಳ್ಳಲು ಹೋದರು. ಉಷಾರಾಣಿ ಬಿಡಲಿಲ್ಲ. ನಾಲ್ಕನೇ ಬೆರಳನ್ನೂ ಹಿಡಿದಳು.

"ಇದೇನಮ್ಮಾ ನಾಕು?"

ಅವಳು ತಲೆ ಬಗ್ಗಿಸಿದಳು. ಮುನಿಸು ಎಲ್ಲೋ ಹೋಗಿತ್ತು. "ಮದ್ವೆ ಆದ್ಮೇಲೂ ನಿಮ್ಮನ್ನ ಮಾವ ಅಂತಾನೇ ಕರೀತೀನಿ. ಜನ ಏನಾದ್ರೂ ಅನ್ಲಿ. ನೀವು ಬೇಡ ಅನ್ಬಾರ್ದು."

ಬಾಗಿಲಲ್ಲಿ ಹನುಮೇಶ್, ನಾಗಕ್ಕ, ಕದರಪ್ಪ ನಿಂತಿದ್ದರು. ಹಿಂದೆ ಗೋಡೆ ಹಿಡಿದು ಚಿಕ್ಕತಿಮ್ಮಯ್ಯ. ಅಧ್ಯಕ್ಷರೂ ಸೊಸೆಯೂ ಟವೆಲಿನ ಕೆಳಗೆ ಕೈಯಿಟ್ಟು ಕೂತಿರುವುದನ್ನು ಕಂಡು ಅವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಟವೆಲಿನಡಿ ಕೈ ಇರುವಾಗ ನಡುವೆ ಬಾಯಿ ಹಾಕಬಾರದು. ಅದು ಸಂತೆಯ ನಿಯಮ, ಹನುಮೇಶನಿಗೂ ಗೊತ್ತು. ಆದರೂ ತಡೆಯಲಾರದೆ ಕೇಳಿದ, "ಏನ್ರಿ ಯಜಮಾನ್ರ, ವ್ಯಾಪಾರ ಆತೇನು?"

"ಆತಪ್ಪಾ," ಎಂದರು ಸಿದ್ದಬಸಪ್ಪ. "ನಾನು ಕೇಳಿದ್ದಕ್ಕಿಂತ ಜಾಸ್ತಿ ಬಂತು."

"ಮತ್ತ ನಿಮ್ಮ ವೋಟು?"

"ಹಕ್ಕಿಗೆ."

"ಗ್ಯಾರಂಟಿ?"

"ನನ್ನ ಶೆಡ್ಡಿನ ಹುಡುಗ್ಯಾರು ಕಲ್ತಾರ, ಅದೇ ಗ್ಯಾರಂಟಿ. ಬಾಯಿ ಮುಚ್ಚು, ನಿಂಗೂ ಕಲಿಸ್ತಾರ," ಎಂದು ನಾಗಕ್ಕ ಹನುಮೇಶನನ್ನು ಗದರಿದಳು. ಗದರುತ್ತಲೇ ಅಧ್ಯಕ್ಷರ ಕಡೆ ತಿರುಗಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾವ ಸಂತೆಯಲ್ಲೂ, ಯಾವ ಸಾವಿನಲ್ಲೂ ಅಲುಗದ ಆ ಮುಖ ಎಲ್ಲರೆದುರು ಒದ್ದೆಯಾಗಿತ್ತು. ನೀರು ಗಲ್ಲದ ಬಿಳಿ ಗಡ್ಡಕ್ಕೆ ಇಳಿಯುತ್ತಿತ್ತು.

ಕಣ್ಣೊರೆಸಿಕೊಳ್ಳಲು ಅವರಿಗೆ ಟವೆಲು ಬೇಕಾಗಿತ್ತು. ಟವೆಲಿನ ಕೆಳಗೆ ಇನ್ನೂ ಸೊಸೆಯ ಕೈ ಇತ್ತು, ಅವರು ಟವೆಲು ತೆಗೆಯಲಿಲ್ಲ.